ಸೈಕಲ್ ಬ್ರೇಕ್‌ಗೆ ಬೈಕಿನ ಆಯಿಲ್ ಹಾಕಿಸಬೇಡಿ

ಎಡಗೈ ಪ್ಲಾಸ್ಟರ್ ಮೊನ್ನೆ ಬಿಚ್ಚಿದರು. ಐದು ವಾರ ಇತ್ತು. ಮಣಿಕಟ್ಟು ಇನ್ನೂ ನೋಯುತ್ತೆ. ಆದರೂ ಟೈಪ್ ಮಾಡುವಷ್ಟು ಕೈ ಆಡುತ್ತಿದೆ, ಅದಕ್ಕೇ ಮೊದಲು ಇದನ್ನು ಬರೆಯುತ್ತಿದ್ದೇನೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ಆಯಿಲ್ ಒತ್ತಡದಿಂದ ಹಿಡಿಯುವ ಬ್ರೇಕ್) ಇರುವ ಎಂಟಿಬಿ, ಅಂದರೆ ಮೌಂಟನ್ ಸೈಕಲ್ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ.

ನನ್ನದು ಸೆಕೆಂಡ್ ಹ್ಯಾಂಡ್ ಸೈಕಲ್. ಭಾನುವಾರ ಬೆಳಗ್ಗೆ ಯಲಹಂಕದ ಆಚೆ ಅವಲಹಳ್ಳಿ ಕಾಡಿನ ಮಣ್ಣುದಾರಿಯಲ್ಲಿ ಓಡಿಸೋಣ ಅಂತ ತಗೊಂಡಿದ್ದೆ. ಬ್ರೇಕ್ ಚೆನ್ನಾಗಿಯೇ ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಬ್ರೇಕಿನ ಲಿವರ್, ಅಂದರೆ ಕೈಯಲ್ಲಿ ಒತ್ತುವ ಹಿಡಿ, ಸ್ವಲ್ಪ ಮೆತ್ತಗಾಯಿತು. ಒಳಗೆ ಗಾಳಿ ಸೇರಿರಬೇಕು, ಬ್ಲೀಡ್ ಮಾಡಿಸಿದರೆ (ಗಾಳಿ ತೆಗೆದು ಆಯಿಲ್ ತುಂಬಿಸಿದರೆ) ಸರಿಹೋಗುತ್ತೆ ಅಂತ ಮನೆ ಹತ್ತಿರದ ಅಂಗಡಿಗೆ ಕೊಟ್ಟೆ. ಎರಡೂ ಬ್ರೇಕ್ ಮಾಡಿಬಿಡಿ ಅಂದೆ.

ಯಾವ ಆಯಿಲ್ ಹಾಕ್ತೀರಾ ಅಂತ ಕೇಳಿದ್ದೆ. "ಬ್ರೇಕ್ ಆಯಿಲೇ ಸಾರ್. ಬೈಕಿಗೂ ಇದೇ, ಸೈಕಲ್‌ಗೂ ಇದೇ, ಎಲ್ಲಾ ಒಂದೇ" ಅಂದ ಹುಡುಗ. ಅವನ ಮಾತಲ್ಲಿ ಮೋಸ ಇರಲಿಲ್ಲ. ಅವನಿಗೆ ಹಾಗೇ ಯಾರೋ ಹೇಳಿಕೊಟ್ಟಿದ್ದಾರೆ. 350 ರೂಪಾಯಿ ಕೊಟ್ಟು ಬಂದೆ. ಲಿವರ್ ಗಟ್ಟಿಯಾಗಿತ್ತು, ನಾನೂ ನೆಮ್ಮದಿಯಾಗಿದ್ದೆ.

ಎಲ್ಲಾ ಒಂದೇ ಅಲ್ಲ. ಸೈಕಲ್ ಬ್ರೇಕ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಮಿನರಲ್ ಆಯಿಲ್ ಬೇಕು, ಇನ್ನೊಂದಕ್ಕೆ ಡಾಟ್ ಫ್ಲೂಯಿಡ್. ಬೈಕು, ಕಾರಿಗೆ ಹಾಕುವುದು ಡಾಟ್. ಬ್ರೇಕ್ ಒಳಗಿನ ರಬ್ಬರ್ ಸೀಲ್‌ಗಳನ್ನು ಒಂದು ಆಯಿಲ್‌ಗೆ ಅಂತಲೇ ಮಾಡಿರುತ್ತಾರೆ. ಮಿನರಲ್ ಬ್ರೇಕ್‌ಗೆ ಡಾಟ್ ಹೋದರೆ ಸೀಲ್ ಉಬ್ಬುತ್ತೆ. ಡಾಟ್ ಬ್ರೇಕ್‌ಗೆ ಮಿನರಲ್ ಹೋದರೂ ಅದೇ ಕಥೆ. ನನ್ನದು ಮಿನರಲ್ ಬ್ರೇಕ್. ಲಿವರ್ ಮೇಲೆ ಸಣ್ಣಕ್ಷರದಲ್ಲಿ ಹಾಗಂತ ಬರೆದೂ ಇತ್ತು. ಹುಡುಗನೂ ಓದಲಿಲ್ಲ, ನಾನೂ ಓದಿರಲಿಲ್ಲ.

ತಪ್ಪು ಆಯಿಲ್ ಹಾಕಿದ ದಿನವೇ ಬ್ರೇಕ್ ಕೆಡುವುದಿಲ್ಲ. ಅದೇ ಇದರಲ್ಲಿ ದೊಡ್ಡ ಅಪಾಯ. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಲಿವರ್ ಬಿಟ್ಟರೆ ಟಕ್ಕಂತ ವಾಪಸ್ ಬರುವ ಬದಲು ನಿಧಾನಕ್ಕೆ ಬರತೊಡಗಿತು. ಮುಂದಿನ ಚಕ್ರ ಎತ್ತಿ ತಿರುಗಿಸಿದರೆ ಎರಡೇ ಸುತ್ತಿಗೆ ನಿಲ್ಲುತ್ತಿತ್ತು. ಡಿಸ್ಕ್ ಸ್ವಲ್ಪ ಸೊಟ್ಟಗಾಗಿರಬೇಕು ಅಂದುಕೊಂಡೆ. ಇನ್ನೊಂದು ಗುರುತೂ ಇತ್ತು. ಲಿವರ್ ಕೆಳಗೆ ಫ್ರೇಮ್ ಮೇಲೆ ಒಂದು ಕಡೆ ಬಣ್ಣ ಉಬ್ಬಿತ್ತು, ಹಪ್ಪಳ ಸುಡುವಾಗ ಏಳುವ ಗುಳ್ಳೆ ಹಾಗೆ. ಉಗುರು ತಾಗಿಸಿದರೆ ಸಿಪ್ಪೆ ಹಾಗೆ ಕಿತ್ತು ಬಂತು. ಡಾಟ್ ಆಯಿಲ್ ಬಿದ್ದರೆ ಪೇಂಟ್ ಹಾಗೇ ಏಳುತ್ತೆ. ಬ್ಲೀಡ್ ಮಾಡುವಾಗ ಒಂದು ಹನಿ ಬಿದ್ದಿತ್ತು, ಯಾರೂ ಒರೆಸಿರಲಿಲ್ಲ. ಮಿನರಲ್ ಆಯಿಲ್ ಬಿದ್ದಿದ್ದರೆ ಬಣ್ಣಕ್ಕೆ ಏನೂ ಆಗುತ್ತಿರಲಿಲ್ಲ. ಆವತ್ತೇ ಇದು ಗೊತ್ತಿದ್ದಿದ್ದರೆ ನಾನು ನಂದಿಗೆ ಹೋಗುತ್ತಿರಲಿಲ್ಲ.

ಅಕ್ಕನ ಮಗ ಜೊತೆಗಿದ್ದ. ಹತ್ತುವಾಗಲೇ ನನಗೆ ಯಾಕೋ ಜಾಸ್ತಿ ಸುಸ್ತು. ಬ್ರೇಕ್ ಪ್ಯಾಡ್ ಡಿಸ್ಕ್‌ಗೆ ಸದಾ ಉಜ್ಜುತ್ತಿತ್ತು, ಅದನ್ನೇ ತುಳಿದುಕೊಂಡು ಹತ್ತಿದ್ದೆ. ನಂದಿ ಬೆಟ್ಟದ ತುದಿ 1,478 ಮೀಟರ್. ಬೆಂಗಳೂರೇ 900 ಮೀಟರ್ ದಾಟಿದೆ ನಿಜ, ಆದರೂ ಬೆಟ್ಟದ ರಸ್ತೆಯ ಇಳಿಜಾರು ಬ್ರೇಕ್‌ಗೆ ಸಣ್ಣ ಕೆಲಸವಲ್ಲ. ತಿರುವಿನ ಮೇಲೆ ತಿರುವು, ಎದುರಿಗೆ ಹತ್ತಿ ಬರುವ ಕಾರುಗಳು.

ಇಳಿಯಲು ಶುರು ಮಾಡಿ ನಾಲ್ಕೈದು ತಿರುವು ಆಗಿರಬಹುದು. ಹಿಂದಿನಿಂದ ಹುಡುಗ "ಮಾಮಾ, ಏನೋ ಸುಟ್ಟ ವಾಸನೆ" ಅಂತ ಕೂಗಿದ. ಅದೇ ಹೊತ್ತಿಗೆ ಮುಂದಿನ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಯಿತು. ಅಲ್ಲೇ ನಿಲ್ಲಬೇಕಿತ್ತು. ಮುಂದಿನ ತಿರುವು ದಾಟಿ ನಿಲ್ಲೋಣ ಅಂದುಕೊಂಡೆ. ಆ ತಿರುವಿನಲ್ಲಿ ಲಿವರ್ ಒತ್ತಿದರೆ ನೇರ ಹೋಗಿ ಹ್ಯಾಂಡಲ್‌ಗೇ ತಾಗಿತು. ಮತ್ತೆ ಒತ್ತಿದೆ. ಮತ್ತೆ ತಾಗಿತು. ಹಿಂದಿನ ಬ್ರೇಕ್ ಅರ್ಧ ಹಿಡಿಯಿತು, ಹಿಂದಿನ ಚಕ್ರ ಜಾರಿತು. ಎದುರಿಗೆ ಬಿಳಿ ಕಾರು. ಬಂಡೆ ಇದ್ದ ಕಡೆಗೆ ಸೈಕಲ್ ತಿರುಗಿಸಿ ಬಿದ್ದೆ. ಇನ್ನೊಂದು ಕಡೆ ಕಣಿವೆ. ಕಾರಿನವರೇ ಇಳಿದು ಬಂದು ಎಬ್ಬಿಸಿ ನೀರು ಕೊಟ್ಟರು. ಆ ನೀರನ್ನೇ ಹುಡುಗ ಡಿಸ್ಕ್ ಮೇಲೆ ಸ್ವಲ್ಪ ಚೆಲ್ಲಿದ. ದೋಸೆ ಕಾವಲಿ ಮೇಲೆ ನೀರು ಚಿಮುಕಿಸಿದಂತೆ ಚುರ್ ಅಂತು. ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿತ್ತು.

ಆಮೇಲೆ ಬೇರೆ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ನನ್ನ ಬ್ರೇಕಿಗೆ ಕಂಪನಿ ತುಂಬುವ ಆಯಿಲ್ ತಿಳಿ ಕೆಂಪು. ಒಳಗಿಂದ ಬಂದದ್ದು ಕಲಗಚ್ಚಿನ ಹಾಗೆ ಬಗ್ಗಡ. ಅವರು ಎರಡು ಲೋಟ ನೀರು ತಂದರು. ಹೊಸ ಮಿನರಲ್ ಆಯಿಲ್ ಒಂದು ಹನಿ ಬಿಟ್ಟರೆ ಕೆಂಪು ಕುಂಕುಮದ ಬೊಟ್ಟಿನಂತೆ ಮೇಲೇ ತೇಲಿತು. ಅಂಗಡಿಯಲ್ಲಿ ನನ್ನ ಬ್ರೇಕಿಗೆ ಹಾಕಿದ್ದಂಥದೇ ಡಾಟ್ 4 ಇನ್ನೊಂದು ಲೋಟಕ್ಕೆ ಬಿಟ್ಟರೆ ನೀರಿನಲ್ಲಿ ಕರಗಿ ಕಾಣೆಯಾಯಿತು. ಯಾವ ಆಯಿಲ್ ಅಂತ ಅನುಮಾನ ಬಂದರೆ ಈ ಪರೀಕ್ಷೆ ಮನೆಯಲ್ಲೇ ಮಾಡಬಹುದು. ಲೋಟ ಮಾತ್ರ ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ಸೀಲ್‌ಗಳು ನೆನೆಸಿದ ಕಡಲೆಯಂತೆ ಉಬ್ಬಿದ್ದವು. ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಪಿಸ್ಟನ್ ಎಷ್ಟು ಒತ್ತಿದರೂ ಹಿಂದೆ ಹೋಗಲಿಲ್ಲ. ಅದಕ್ಕೇ ಪ್ಯಾಡ್ ಉಜ್ಜುತ್ತಲೇ ಇತ್ತು, ಆ ಬಿಸಿಗೆ ಆಯಿಲ್ ಕುದಿದು ಲಿವರ್ ಮೆತ್ತಗಾಗಿತ್ತು. ತೊಳೆದು ಮತ್ತೆ ಸರಿಯಾದ ಆಯಿಲ್ ತುಂಬಿದರೆ ಸಾಕಾಗಲ್ವಾ ಅಂತ ಕೇಳಿದೆ. ಸಾಕಾಗಲ್ಲ ಅಂದರು. ಒಮ್ಮೆ ಉಬ್ಬಿದ ರಬ್ಬರನ್ನು ನಂಬಬಾರದು. ಲಿವರ್, ಪೈಪ್, ಚಕ್ರದ ಹತ್ತಿರ ಡಿಸ್ಕ್ ಹಿಡಿಯುವ ಕ್ಯಾಲಿಪರ್, ಎರಡೂ ಕಡೆಯದು ಪೂರ್ತಿ ಎಸೆದೆ.

ಹೊಸ ಬ್ರೇಕ್ ಆರಿಸುವಾಗ ಮೊದಲು ಆಯಿಲ್ ನೋಡಿದೆ. ನಾಲ್ಕು ಪಿಸ್ಟನ್ನಾ ಎರಡು ಪಿಸ್ಟನ್ನಾ ಅನ್ನುವುದೆಲ್ಲ ಆಮೇಲಿನ ಮಾತು. ಶಿಮಾನೊ, ಟೆಕ್ಟ್ರೊ, ಮಾಗುರಾ ಬ್ರೇಕ್‌ಗಳು ಮಿನರಲ್ ಆಯಿಲ್‌ನವು. ಸ್ರ್ಯಾಮ್‌ನಲ್ಲಿ ಬಹಳಷ್ಟು ಡಾಟ್ 5.1, ಆದರೆ ಡಿಬಿ8, ಮೇವನ್ ತರಹದ ಹೊಸ ಮಾಡೆಲ್‌ಗಳು ಮಿನರಲ್. ಹಾಗಾಗಿ ಕಂಪನಿ ಹೆಸರು ನೋಡಿ ಊಹಿಸಬೇಡಿ, ಲಿವರ್ ಮೇಲಿನ ಅಕ್ಷರ ಓದಿ. ಡಾಟ್ ಬ್ರೇಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಾಟ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ, ಹೀರಿದಷ್ಟೂ ಬೇಗ ಕುದಿಯುತ್ತೆ. ಡಾಟ್ 4ರ ಕುದಿಯುವ ಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ನಿಯಮ, ತೇವ ಸೇರಿದ ಮೇಲೆ 155. ಹಾಗಾಗಿ ಕಾಲಕಾಲಕ್ಕೆ ಬದಲಿಸುವ ಶಿಸ್ತು ಬೇಕು. ನನಗೆ ಮಿನರಲ್ ಸರಿ ಅನ್ನಿಸಿತು. ಎರಡು ಪಿಸ್ಟನ್ನಿನ ಸಾದಾ ಬ್ರೇಕ್ ತಗೊಂಡೆ, ಮುಂದಕ್ಕೆ 160ರ ಬದಲು 180 ಮಿ.ಮೀ. ಡಿಸ್ಕ್. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಎಷ್ಟು ದೊಡ್ಡ ಡಿಸ್ಕ್ ತಡೆಯುತ್ತೆ ಅಂತ ಮೊದಲೇ ವಿಚಾರಿಸಿದೆ. ಸರ್ವಿಸ್ ಮಾಡುವವರ ಹತ್ತಿರ ಸೀಲ್ ಮಾಡಿದ ಬಾಟಲಿ ತೋರಿಸಿ ಅಂದೆ. ನನ್ನ ಎದುರಿಗೇ ತೆರೆದು ತುಂಬಿದರು.

ಹಳೆಯ ಅಂಗಡಿಗೂ ಹೋಗಿದ್ದೆ, ಜಗಳಕ್ಕಲ್ಲ. ಕೈ ಪ್ಲಾಸ್ಟರ್ ನೋಡಿ ಹುಡುಗನ ಮುಖ ಬಾಡಿತು. ಎಷ್ಟು ಸೈಕಲ್‌ಗೆ ಇದೇ ಆಯಿಲ್ ಹಾಕಿದೀಯಪ್ಪಾ ಅಂತ ಕೇಳಿದೆ. "ಏಳೆಂಟು ಇರಬಹುದು ಸಾರ್. ಯಾರ್ಯಾರದ್ದು ಅಂತ ಬರೆದಿಟ್ಟಿಲ್ಲ" ಅಂದ. ಯಲಹಂಕ, ವಿದ್ಯಾರಣ್ಯಪುರ ಕಡೆಯವರು ಇತ್ತೀಚೆಗೆ ಬ್ಲೀಡ್ ಮಾಡಿಸಿದ್ದರೆ ಇವತ್ತೇ ಸೈಕಲ್ ಎತ್ತಿ ಚಕ್ರ ತಿರುಗಿಸಿ ನೋಡಿ. ಲಿವರ್ ಕೆಳಗೆ ಬಣ್ಣ ಎದ್ದಿದೆಯಾ ಅಂತ ಬೆರಳಾಡಿಸಿ ನೋಡಿ. ಎದ್ದಿದ್ದರೆ ಸೈಕಲ್ ಹತ್ತಬೇಡಿ, ತಳ್ಳಿಕೊಂಡೇ ಅಂಗಡಿಗೆ ಹೋಗಿ.