ಲೆಗೋ ಪವರ್ಡ್ ಅಪ್: ಮೋಟರ್ ಗಟ್ಟಿ, ಆ್ಯಪ್ ಕಿರಿಕಿರಿ

ಲೆಗೋದ ಟೆಕ್ನಿಕ್ (ಗೇರ್, ಆಕ್ಸಲ್ ಇರುವ ಜೋಡಣೆ ಆಟಿಕೆ) ಮಾದರಿಗಳಿಗೆ ಮೋಟರ್ ಕೂರಿಸುವ ಹುಚ್ಚು ಹಾಸನದಲ್ಲೂ ಕೆಲವರಿಗೆ ಹಿಡಿದಿದೆ. ಹೊಸಬರ ಕಣ್ಣು ಮೊದಲು ಬೀಳುವುದು ದೊಡ್ಡ ಸೆಟ್‌ಗಳ ಮೇಲೆ. 2019ರ ಲೀಬರ್ ಆರ್ 9800 ಅಗೆಯುವ ಯಂತ್ರದಲ್ಲಿ 4108 ತುಂಡು, 7 ಮೋಟರ್, 2 ಹಬ್ (ಸೆಲ್ ಕೂರುವ, ಬ್ಲೂಟೂತ್‌ನಲ್ಲಿ ಮೋಟರ್ ಓಡಿಸುವ ಡಬ್ಬಿ). 2021ರ ಕ್ಯಾಟ್ ಡಿ11 ಬುಲ್ಡೋಜರ್‌ನಲ್ಲಿ 3854 ತುಂಡು, 4 ಮೋಟರ್. ನೋಡೋಕೆ ಭರ್ಜರಿ. ಆದರೆ ಪುಸ್ತಕ ನೋಡಿಕೊಂಡು ಜೋಡಿಸಿ ಮುಗಿಸಿದ ಮೇಲೂ ಗೇರ್ ಯಾಕೆ ಅಲ್ಲಿ ಕೂತಿತು ಅನ್ನೋದು ತಲೆಗೆ ಹತ್ತಿರುವುದಿಲ್ಲ. ಸ್ವಂತ ಮಾದರಿ ಮಾಡುವ ಆಸೆಯಿದ್ದರೆ ಒಂದು ಹಬ್, ಎರಡು ಮೋಟರ್, ಒಂದಷ್ಟು ಗೇರ್, ಆಕ್ಸಲ್ (ಗೇರ್ ಕೂರುವ ಕಡ್ಡಿ), ಬೀಮ್ (ತೂತಿರುವ ಪಟ್ಟಿ) ಸಾಕು. ಈ ವಿಮರ್ಶೆ ಪವರ್ಡ್ ಅಪ್ ಹೆಸರಿನ ಆ ಬಿಡಿ ಸಾಮಾನಿನದು: ಟೆಕ್ನಿಕ್ ಹಬ್ (88012), ದೊಡ್ಡ ಮೋಟರ್ (88013), ಎಕ್ಸ್‌ಎಲ್ ಮೋಟರ್ (88014).

ಮೋಟರ್‌ಗಳ ಬಗ್ಗೆ ತಕರಾರಿಲ್ಲ. ಎರಡರ ಒಳಗೂ ಎಷ್ಟು ತಿರುಗಿದೆ ಎಂದು ಹೇಳುವ ಸೆನ್ಸರ್ ಇದೆ. ಸ್ಟಿಯರಿಂಗ್‌ಗೆ 88013 ಹಾಕಿದರೆ ಅದನ್ನು ಎಡಕ್ಕೆ ತಡೆಯುವ ತನಕ, ಬಲಕ್ಕೆ ತಡೆಯುವ ತನಕ ತಿರುಗಿಸಿ ನಡುಬಿಂದು ಹುಡುಕಿಸಬಹುದು. ಇದರಲ್ಲೊಂದು ಸೂಕ್ಷ್ಮ ಇದೆ. ಸ್ಟಿಯರಿಂಗ್ ಕೊನೆಯಲ್ಲಿ ತಡೆಯುವ ಬೀಮ್ ಒಂದೇ ಪಿನ್‌ನಲ್ಲಿ ನಿಂತಿದ್ದರೆ ಒಂದು ಕಡೆ ಬಾಗುತ್ತದೆ, ಇನ್ನೊಂದು ಕಡೆ ಬಾಗುವುದಿಲ್ಲ. ನಡುಬಿಂದು ತಪ್ಪಿ ಗಾಡಿ ಒಂದೇ ಕಡೆ ಎಳೆಯುತ್ತದೆ. ಎರಡೂ ತುದಿಗೆ ಒಂದೇ ಥರದ, ಎರಡು ಪಿನ್ ಹಾಕಿದ ತಡೆ ಕೊಡಿ.

ಹಬ್‌ನಲ್ಲಿ ನಾಲ್ಕು ಪೋರ್ಟ್. ಲೆಗೋದ ಹಳೆಯ ಮೋಟರ್ ವ್ಯವಸ್ಥೆ ಪವರ್ ಫಂಕ್ಷನ್ಸ್‌ನಲ್ಲಿ (2007ರಲ್ಲಿ ಬಂದದ್ದು) ಒಂದು ಪ್ಲಗ್ ಮೇಲೆ ಇನ್ನೊಂದು ಪ್ಲಗ್ ಚುಚ್ಚಬಹುದಿತ್ತು. ಇಲ್ಲಿ ಆ ಸೌಲಭ್ಯ ಹೋಯಿತು, ಹಳೆಯ ಪ್ಲಗ್ ಇದಕ್ಕೆ ಕೂರುವುದೂ ಇಲ್ಲ. ಮುಂದೊಂದು ಹಿಂದೊಂದು ಎಕ್ಸ್‌ಎಲ್, ಸ್ಟಿಯರಿಂಗ್‌ಗೆ ಒಂದು ಅಂದರೆ ಮೂರು ಪೋರ್ಟ್ ಮುಗಿಯಿತು. ವಿಂಚ್‌ಗೆ (ಹಗ್ಗ ಸುತ್ತಿ ಭಾರ ಎಳೆಯುವ ರಾಟೆ) ಉಳಿದದ್ದು ಒಂದೇ.

ಇನ್ನು ಗೇರ್. ಈ ಹವ್ಯಾಸದ ಜೀವ ಇರುವುದೇ ಅಲ್ಲಿ. ಚಿಕ್ಕಮಗಳೂರು ಕಡೆ ಗುಡ್ಡ ಹತ್ತುವ ಫೋರ್ ವೀಲ್ ಜೀಪ್ ಒಂದನ್ನು ಮಾಡುತ್ತೀರಿ ಅಂದುಕೊಳ್ಳಿ. ಸೆಲ್ ಸೇರಿ ತೂಕ ಒಂದೂವರೆ ಕೆ.ಜಿ., ಟೈರ್ ವ್ಯಾಸ 81.6 ಮಿ.ಮೀ. ಪರೀಕ್ಷೆಗೆ ಒಂದು ಮೀಟರ್ ಹಲಗೆ. ಒಂದು ತುದಿ 50 ಸೆಂ.ಮೀ. ಎತ್ತಿದರೆ ಸರಿಯಾಗಿ 30 ಡಿಗ್ರಿ. (ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದ ಏರು 50ಕ್ಕೆ 1, ಅಂದರೆ ಒಂದು ಡಿಗ್ರಿ ಚಿಲ್ಲರೆ. ನಮ್ಮ ಹಲಗೆ ಎಷ್ಟು ಕಡಿದು ಅನ್ನೋದು ಇದರಿಂದ ಗೊತ್ತಾಗುತ್ತದೆ.) 30 ಡಿಗ್ರಿಯಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವುದು ಅದರ ತೂಕದ ಅರ್ಧ, 750 ಗ್ರಾಂ, ಅಂದರೆ ಸುಮಾರು 7.4 ನ್ಯೂಟನ್ ಬಲ. ಚಕ್ರದ ತ್ರಿಜ್ಯ 4 ಸೆಂ.ಮೀ. ಆದ್ದರಿಂದ ಚಕ್ರಗಳಲ್ಲಿ ಒಟ್ಟು ಸುಮಾರು 30 ನ್ಯೂಟನ್-ಸೆಂಟಿಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು.

ಹಳೆಯ ಪವರ್ ಫಂಕ್ಷನ್ಸ್ ಎಕ್ಸ್‌ಎಲ್ ಮೋಟರ್ 9 ವೋಲ್ಟ್‌ಗೆ ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 220 ಸುತ್ತು ತಿರುಗುತ್ತದೆ, ಪೂರಾ ನಿಲ್ಲಿಸಲು ಸುಮಾರು 40 ನ್ಯೂಟನ್-ಸೆಂಟಿಮೀಟರ್ ಬೇಕು. ಹೊಸದರ ಲೆಕ್ಕಕ್ಕೂ ಅದನ್ನೇ ಹಿಡಿಯೋಣ. 40 ಇದೆಯಲ್ಲ, 30ಕ್ಕೆ ಸಾಕು ಎಂದು ಚಕ್ರಕ್ಕೆ ನೇರ ಕೊಟ್ಟರೆ ಮೋಟರ್ ಬಿಸಿಯಾಗಿ, ಸೆಲ್ ಕುಸಿದು ಗಾಡಿ ಅರ್ಧದಲ್ಲೇ ನಿಲ್ಲುತ್ತದೆ. ದುಡಿಯುವ ಲೋಡ್ ಕಾಲುಭಾಗ ದಾಟಬಾರದು. ಗೇರ್‌ನಲ್ಲಿ 5:1 ಇಳಿಸಿದರೆ (ಮೋಟರ್ ಐದು ಸುತ್ತಿದಾಗ ಚಕ್ರ ಒಂದು ಸುತ್ತು) ಮೋಟರಿಗೆ ಬರುವುದು 6. ಗೇರ್‌ಗಳ ಉಜ್ಜಾಟದಲ್ಲಿ ಮೂರನೇ ಒಂದು ಭಾಗ ಹೋಗುತ್ತದೆ ಎಂದುಕೊಂಡರೂ 9. ನೆಮ್ಮದಿಯ ಲೋಡ್. ಹೊಸ ಸೆಲ್‌ನಲ್ಲಿ ಆ ಹಲಗೆ ಏರಲು ಏಳೆಂಟು ಸೆಕೆಂಡ್.

5:1 ಬರಿಸುವುದು ಸುಲಭ. 12 ಹಲ್ಲಿನಿಂದ 36ಕ್ಕೆ 3:1, 12ರಿಂದ 20ಕ್ಕೆ 1.67:1, ಗುಣಿಸಿದರೆ 5. ಟೆಕ್ನಿಕ್ ಗೇರ್‌ಗಳಲ್ಲಿ ಹಲ್ಲಿನ ಸಂಖ್ಯೆ ಎಷ್ಟೋ ಅಷ್ಟೇ ಮಿಲಿಮೀಟರ್ ಪಿಚ್ ವ್ಯಾಸ (ಹಲ್ಲುಗಳು ಕೂಡುವ ಜಾಗದಲ್ಲಿ ಅಳೆದ ವ್ಯಾಸ). ಬೀಮ್ ತೂತುಗಳ ಅಂತರ 8 ಮಿ.ಮೀ. ಹಾಗಾಗಿ 12–20 ಜೋಡಿ 16 ಮಿ.ಮೀ., ಎರಡು ತೂತಿನ ದೂರ. 12–36 ಜೋಡಿ 24 ಮಿ.ಮೀ., ಮೂರು ತೂತಿನ ದೂರ. 8–24 ಎರಡಕ್ಕೆ, 8–40 ಮೂರಕ್ಕೆ ಕೂರುತ್ತದೆ. 12–24 ಒಂದೇ ಸಾಲಿನ ತೂತುಗಳಲ್ಲಿ ಕೂರುವುದಿಲ್ಲ, ಅದಕ್ಕೆ 18 ಮಿ.ಮೀ. ಬೇಕು.

ಯಾವ ಜೋಡಿ ಎಲ್ಲಿ? ಹೆಚ್ಚು ಇಳಿಸುವ ಜೋಡಿ ಚಕ್ರದ ಬಳಿ ಇರಲಿ. ಕೊನೆಯಲ್ಲಿ 12–36 ಇದ್ದರೆ ನಡುವಿನ ಶಾಫ್ಟ್ ಹೊರುವುದು 10, ಕೊನೆಯಲ್ಲಿ 12–20 ಇದ್ದರೆ 18. ಯುನಿವರ್ಸಲ್ ಜಾಯಿಂಟ್ (ಓರೆಯಾಗಿ ಸೇರುವ ಎರಡು ಆಕ್ಸಲ್ ನಡುವಿನ ಕೀಲು) ಸೀಳುವುದು, ಉದ್ದದ ಆಕ್ಸಲ್ ಹುರಿಯಂತೆ ತಿರುಚಿಕೊಳ್ಳುವುದು ಆ ವ್ಯತ್ಯಾಸದಲ್ಲೇ. ಬೆಲೆ ತೆರಬೇಕಾದ್ದು ನೆಲದ ಅಂತರದಲ್ಲಿ: 36ರ ಗೇರ್ ಕೆಳಗೆ ಇಳಿದು ಕಲ್ಲಿಗೆ ತಾಗುತ್ತದೆ. ಎರಡೂ ಆಕ್ಸಲ್‌ಗೆ ಒಂದೊಂದು ಮೋಟರ್ ಕೊಟ್ಟು ಲೋಡ್ ಹಂಚಿದರೆ ಕೊನೆಯಲ್ಲಿ 20ರ ಗೇರ್ ಇದ್ದರೂ ತಡೆಯುತ್ತದೆ.

ಕಟಕಟ ಸದ್ದು ಬಂದರೆ ಹಲ್ಲು ಹಾರುತ್ತಿದೆ ಎಂದರ್ಥ. ತಪ್ಪು ಗೇರಿನದಲ್ಲ, ಚೌಕಟ್ಟಿನದು. ಅಡ್ಡಡ್ಡ ಕೂರುವ 12–20 ಜೋಡಿ ಒಂದನ್ನೊಂದು ದೂಡುತ್ತದೆ. ಆಕ್ಸಲ್ ಒಂದೇ ಕಡೆ ಆಧಾರದಲ್ಲಿದ್ದರೆ ಬಾಗಿ ಹಲ್ಲು ಬಿಡುತ್ತದೆ. ಗೇರಿನ ಎರಡೂ ಬದಿಗೆ ಬೀಮ್ ಬೇಕು, 5×7 ಚೌಕಟ್ಟು ಇದಕ್ಕೆಂದೇ ಇದೆ. ಬುಶ್ (ಆಕ್ಸಲ್ ಸರಿಯದಂತೆ ತಡೆಯುವ ಬಳೆ) ಒತ್ತಿ ಕೂರಿಸಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಿರಿ. ಬೀಮ್‌ಗೆ ಉಜ್ಜಿದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ. ಪ್ರತಿ ಆಕ್ಸಲ್ ಹಾಕಿದ ಕೂಡಲೇ ಬೆರಳಲ್ಲಿ ತಿರುಗಿಸಿ ನೋಡಿ, ಸಲೀಸಾಗಿ ತಿರುಗಿದರೆ ಮಾತ್ರ ಮುಂದಿನದು. ತಿರುಗುವ ಕೀಲಿಗೆ ಕಪ್ಪು ಪಿನ್ ಹಾಕಬೇಡಿ, ಅದು ಬಿಗಿ ಹಿಡಿಯುವ ಪಿನ್. ತಿಳಿ ಬೂದು ಪಿನ್ ಸಲೀಸು.

ವಿಂಚ್‌ಗೆ ಸ್ಕ್ರೂ ಥರದ ವರ್ಮ್ ಗೇರ್ ಒಳ್ಳೆಯದು. 24ರ ಗೇರ್ ಜೊತೆ 24:1, ಮೋಟರ್ ನಿಲ್ಲಿಸಿದರೂ ಭಾರ ಇಳಿಯುವುದಿಲ್ಲ. ಅದು ತನ್ನ ಆಕ್ಸಲನ್ನೇ ಉದ್ದಕ್ಕೆ ತಳ್ಳುತ್ತದೆ, ಎರಡೂ ಕಡೆ ತಡೆ ಕೊಡಿ. ಕೊನೆ ಮುಟ್ಟಿದಾಗ ಏನೂ ಮುರಿಯಬಾರದಿದ್ದರೆ ನಡುವೆ ಬಿಳಿ ಕ್ಲಚ್ ಗೇರ್ ಇರಲಿ, 2.5ರಿಂದ 5 ನ್ಯೂಟನ್-ಸೆಂಟಿಮೀಟರ್‌ನಲ್ಲಿ ಜಾರುತ್ತದೆ, ಅಂಕಿ ಅದರ ಮೇಲೇ ಬರೆದಿದೆ. ವರ್ಮ್‌ನ ಮುಂಚೆ ಹಾಕಿ, ಆಮೇಲೆ ಹಾಕಿದರೆ ಭಾರ ಎತ್ತುವ ಮೊದಲೇ ಜಾರುತ್ತದೆ.

ಪರೀಕ್ಷೆಯ ಹಲಗೆ ನುಣುಪಾಗಿದ್ದರೆ ಮೋಟರ್ ಸೋಲುವ ಮೊದಲೇ ಟೈರ್ ಜಾರುತ್ತದೆ. ಕಾಫಿ ತುಂಬುವ ಗೋಣಿಚೀಲ ಒಂದನ್ನು ಹಲಗೆಗೆ ಬಿಗಿಯಾಗಿ ಸುತ್ತಿ ಹತ್ತಿಸಿ. ಮುಂಗಾಲು ಏಳುತ್ತಿದ್ದರೆ ಹಬ್ ಮುಂದಕ್ಕೆ, ಕೆಳಕ್ಕೆ ಸರಿಸಿ. ಗಾಡಿಯಲ್ಲಿ ಅದಕ್ಕಿಂತ ಭಾರದ ತುಂಡು ಇಲ್ಲ. ಆದರೆ ಹೊಟ್ಟೆಯೊಳಗೆ ಹೂತಿಟ್ಟರೆ ಸೆಲ್ ಬದಲಿಸಲು ಪ್ರತಿ ಸಲ ಅರ್ಧ ಗಾಡಿ ಬಿಚ್ಚಬೇಕು.

ಸೆಲ್ ವಿಷಯ. ಹಬ್‌ಗೆ ಆರು ಎಎ ಸೆಲ್. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್ ಸೆಲ್ ಹಾಕಿದರೆ ಎರಡು ಎಕ್ಸ್‌ಎಲ್ ಒಟ್ಟಿಗೆ ಎಳೆದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಬ್ಲೂಟೂತ್ ಕಡಿಯುತ್ತದೆ, ಜನ ಹಬ್ ಕೆಟ್ಟಿತೆಂದು ಬೈಯುತ್ತಾರೆ. ಆಲ್ಕಲೈನ್ ಚೆನ್ನಾಗಿ ಓಡುತ್ತದೆ, ಜೇಬು ಖಾಲಿ. ವಾರವಾರ ಓಡಿಸುವವರಿಗೆ ರೀಚಾರ್ಜ್ ಆಗುವ ನಿಕಲ್ ಸೆಲ್ಲೇ ಸರಿ: 9ರ ಬದಲು 7.2 ವೋಲ್ಟ್, ವೇಗ ಐದರಲ್ಲಿ ಒಂದು ಪಾಲು ಕಮ್ಮಿ, ಆದರೆ ಲೋಡ್‌ನಲ್ಲಿ ಕುಸಿಯುವುದಿಲ್ಲ.

ಗಾಡಿ ಓಡಿಸುವ ಫೋನ್ ಆ್ಯಪ್ ಈ ವ್ಯವಸ್ಥೆಯ ದುರ್ಬಲ ಕೊಂಡಿ. ಎಲ್ಲ ಫೋನ್‌ಗೂ ಹೊಂದುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಫೋನ್‌ನಲ್ಲಿ ಹಾಕಿ ನೋಡಿ. ಗಾಜಿನ ಮೇಲೆ ಬೆರಳಾಡಿಸುತ್ತಾ ಗಾಡಿ ನೋಡಲಾಗದು. ಪೈಬ್ರಿಕ್ಸ್ ಎಂಬ ಉಚಿತ ಫರ್ಮ್‌ವೇರ್ (ಹಬ್‌ನೊಳಗೆ ಓಡುವ ಸಾಫ್ಟ್‌ವೇರ್) ಹಾಕಿದರೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು, ಗುಂಡಿಯಿರುವ ರಿಮೋಟ್ (88010) ನೇರ ಜೋಡಿಸಬಹುದು, ಫೋನ್ ಬೇಕಿಲ್ಲ. ಮರಳಿ ಹಳೆಯದು ಹಾಕುವವರೆಗೆ ಕಂಪನಿಯ ಆ್ಯಪ್ ಆ ಹಬ್ಬನ್ನು ಗುರುತಿಸುವುದಿಲ್ಲ, ಅಷ್ಟೇ. ಒಂದೇ ದಿಕ್ಕಿಗೆ ಸುತ್ತುವ ಮಾದರಿಗೆ, ಕಾಫಿ ಪಲ್ಪರ್‌ನ ಡ್ರಮ್ ಥರದ್ದಕ್ಕೆ, ಹಬ್ ದಂಡ. ಬ್ಲೂಟೂತ್ ಇಲ್ಲದ ಬ್ಯಾಟರಿ ಬಾಕ್ಸ್ (88015) ಮತ್ತು ಒಂದು ಮೋಟರ್ ಸಾಕು.

ಕೊಳ್ಳುವುದು ಹೆಚ್ಚಾಗಿ ಆನ್‌ಲೈನ್‌ನಲ್ಲೇ. ಬ್ರಿಕ್‌ಲಿಂಕ್ ಎಂಬ ಆನ್‌ಲೈನ್ ಲೆಗೋ ಸಂತೆಯ ಹೊರದೇಶದ ಅಂಗಡಿಗಳಲ್ಲಿ ಬಿಡಿ ಗೇರ್ ಅಗ್ಗ ಕಂಡರೂ ಲೆಕ್ಕ ಹಾಕಿ: ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ 60%, 2023ರಲ್ಲಿ 70% ಆಯಿತು, 2021ರಿಂದ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳಬಹುದು. ದುಡ್ಡು ಉಳಿಸಲೇಬೇಕಿದ್ದರೆ ಬೀಮ್, ಪ್ಯಾನೆಲ್ ಬೇರೆ ಬ್ರ್ಯಾಂಡಿನದು ನಡೆಯುತ್ತದೆ; ಗೇರ್, ಆಕ್ಸಲ್, ಜಾಯಿಂಟ್ ಮಾತ್ರ ಅಸಲಿಯೇ ಇರಲಿ.

ಮೂಡಿಗೆರೆ, ಸಕಲೇಶಪುರ ಕಡೆಯವರಿಗೆ ಒಂದು ಮಾತು: ಜೂನ್ ಹಿಡಿದ ಮಳೆ ಬಿಡುವ ತನಕ ಸೆಲ್ಲನ್ನು ಹಬ್‌ನೊಳಗೆ ಬಿಡಬೇಡಿ. ಸೋರಿದ ಸೆಲ್ ಆ ತಂಡಿಯಲ್ಲಿ ಸ್ಪ್ರಿಂಗನ್ನು ಹಸಿರುಗಟ್ಟಿಸುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮೋಟರ್ ಮತ್ತು ಹಬ್ ಇಡಿ. ಪ್ಲಾಸ್ಟಿಕ್ ತುಂಡುಗಳಿಗೆ ಈ ಉಪಚಾರ ಬೇಕಿಲ್ಲ.