ಲೂಸ್ ಬಾದಾಮಿ ಪುಡಿ ತಂದು ಕೇಕ್ ಮಾಡೋರು ದಯವಿಟ್ಟು ಓದಿ

ಮನೇಲಿ ಬೇಕಿಂಗ್ ಮಾಡೋರಿಗೆ, ಅದ್ರಲ್ಲೂ ಹಬ್ಬಕ್ಕೆ ಕ್ರಿಸ್‌ಮಸ್‌ಗೆ ಆರ್ಡರ್ ತಗೊಳ್ಳೋರಿಗೆ ಹೇಳ್ತಿದೀನಿ, ಅಂಗಡೀಲಿ ಲೂಸಾಗಿ ತೂಗಿ ಕೊಡೋ ಬಾದಾಮಿ ಪುಡಿ ತರಬೇಡಿ. ನಾನು ತಂದಿದ್ರಲ್ಲಿ ಕಡ್ಲೆಕಾಯಿ ಬೀಜ ಬೆರೆಸಿದ್ರು. ಬರೀ ದುಡ್ಡಿನ ಮೋಸ ಆಗಿದ್ರೆ ಇಷ್ಟುದ್ದ ಬರೀತಿರ್ಲಿಲ್ಲ, ಪಕ್ಕದ ಮನೆ ಮಗು ಆಸ್ಪತ್ರೆ ಸೇರೋ ಹಾಗಾಯ್ತು.

ಮಾಡಿದ್ದು ಫಿನಾನ್ಸಿಯೇ ಅಂತ ಫ್ರಾನ್ಸಿನ ಪುಟ್ಟ ಬಾದಾಮಿ ಕೇಕು. ಮೊಟ್ಟೆ ಬಿಳಿ, ಬಾದಾಮಿ ಪುಡಿ, ಸಕ್ಕರೆ, ಒಂಚೂರು ಮೈದಾ, ಆಮೇಲೆ ಬೆಣ್ಣೆನ ಕಂದು ಬಣ್ಣ ಬರೋವರೆಗೂ ಕಾಯಿಸಿ ಹಾಕೋದು. ಮೇಲೆ ನಿಂಬೆರಸ, ಐಸಿಂಗ್ ಶುಗರ್ ಕಲಸಿ ಗ್ಲೇಜ್ ಹಾಕ್ತೀನಿ, ಮಕ್ಕಳಿಗೆ ಅದೇ ಇಷ್ಟ. ಆ ಮಗುಗೆ ಕಡ್ಲೆಬೀಜ ಆಗಲ್ಲ ಅಂತ ನಂಗೆ ಗೊತ್ತು, ಬಾದಾಮಿ ತಿನ್ನಬಹುದು ಅಂತ ಡಾಕ್ಟರೇ ಟೆಸ್ಟ್ ಮಾಡಿ ಹೇಳಿದಾರೆ, ಅವರಮ್ಮನ್ನ ಕೇಳೇ ಕೊಟ್ಟಿದ್ದು. ಅರ್ಧ ಕೇಕ್ ತಿಂದಿಲ್ಲ, ತುಟಿ ಊದ್ಕೊಳ್ತು, ಕತ್ತಿನ ಮೇಲೆಲ್ಲ ದದ್ದು, ಕೆಮ್ಮು ಶುರುವಾಗಿ ದನಿನೇ ಬದಲಾಗೋಯ್ತು. "ಅಕ್ಕಾ, ಇದ್ರಲ್ಲಿ ಕಡ್ಲೆಬೀಜ ಏನಾದ್ರೂ ಹಾಕಿದೀರಾ" ಅಂತ ಅವರಮ್ಮ ಕೇಳಿದಾಗ ನನ್ನ ಕೈಕಾಲು ತಣ್ಣಗಾಯ್ತು. ಆಸ್ಪತ್ರೇಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ರು, ಇಳಿದ ಮೇಲೂ ಮತ್ತೆ ಕೆರಳಬಹುದು ಅಂತ ರಾತ್ರಿಯೆಲ್ಲ ಅಲ್ಲೇ ಇಟ್ಕೊಂಡ್ರು. ಮಗು ಈಗ ಚೆನ್ನಾಗಿದೆ. ಹೀಗೇನಾದ್ರೂ ಆದ್ರೆ ಅಲರ್ಜಿ ಮಾತ್ರೆ ಕೊಟ್ಟು ನೋಡೋಣ ಅಂತ ಮನೇಲಿ ಕೂರಬೇಡಿ, ಉಸಿರಾಟಕ್ಕೆ ತೊಂದ್ರೆ ಬಂದ್ರೆ ಅದು ಸಾಲಲ್ಲ, ಅಡ್ರಿನಲಿನ್ನೇ ಬೇಕು.

ಮಾರನೇ ದಿನ ಪುಡಿ ಹಿಡ್ಕೊಂಡು ಅಂಗಡಿಗೆ ಹೋದೆ. ಆತ ಒಂಚೂರೂ ಅಳುಕಿಲ್ಲದೆ "ಸ್ವಲ್ಪ ಮಿಕ್ಸ್ ಇರುತ್ತೆ ಮೇಡಂ, ಪ್ಯೂರ್ ಬೇಕಂದ್ರೆ ರೇಟೇ ಬೇರೆ" ಅಂದ. ಅವನು ತೂಗಿ ಕಟ್ಟಿಕೊಟ್ಟ ಪ್ಯಾಕೆಟ್ ಮೇಲೆ ಬರೆದಿರೋದು ಬಾದಾಮಿ ಪುಡಿ ಅಂತಾನೇ! ಕಡ್ಲೆಬೀಜಕ್ಕೆ ಹಸಿರು ಬಣ್ಣ ಕಟ್ಟಿ ಪಿಸ್ತಾ ಅಂತ ಮಾರೋದನ್ನ ಕೇಳಿದ್ವಿ, ಅದಾದ್ರೂ ಕಣ್ಣಿಗೆ ಕಾಣೋ ಚೂರು, ಪುಡೀಲಿ ಹೆಂಗೆ ಕಂಡುಹಿಡಿಯೋದು?

ಈ ಕೇಕಲ್ಲಂತೂ ಇನ್ನೂ ಕಷ್ಟ. ಕಾಯಿಸಿದ ಬೆಣ್ಣೆಗೇ ಹುರಿದ ಬೀಜದ ಘಮ ಇರುತ್ತೆ, ಅದರ ಮೇಲೆ ನಿಂಬೆ, ಸಕ್ಕರೆ, ಕಡ್ಲೆಬೀಜದ ವಾಸನೆ ಪೂರ್ತಿ ಮುಚ್ಚೋಗುತ್ತೆ. ಓವನ್ನಲ್ಲಿ ಬೆಂದ್ರೆ ಸರಿಹೋಗುತ್ತೆ ಅನ್ನೋದೂ ಸುಳ್ಳು, ಅಲರ್ಜಿ ಮಾಡೋ ಪ್ರೋಟೀನ್ ಆ ಬಿಸಿಗೆ ನಾಶ ಆಗಲ್ಲ. ಉಳಿದಿದ್ದ ಪುಡೀಲಿ ಒಂದು ಸ್ಪೂನ್ ಬರೀ ಬಾಣಲೇಲಿ ಸಣ್ಣ ಉರಿಗೆ ಹುರಿದೆ, ಅಡುಗೆಮನೆ ತುಂಬ ಚಿಕ್ಕಿ ಮಾಡೋವಾಗ ಬರೋ ವಾಸನೆ. ಆದ್ರೆ ಕಮ್ಮಿ ಬೆರೆಸಿದ್ರೆ ಹೀಗೂ ಗೊತ್ತಾಗಲ್ಲ, ಅಲರ್ಜಿ ಇರೋ ಮಗುಗೆ ಅಷ್ಟೇ ಸಾಕು, ಅದಕ್ಕೇ ಈ ಪರೀಕ್ಷೆ ನಂಬ್ಕೊಂಡು ಯಾರಿಗೂ ಕೊಡಬೇಡಿ.

ರೇಟ್ ನೋಡಿ ಅನುಮಾನ ಪಡಿ. ಇಡೀ ಬಾದಾಮಿಗಿಂತ ಪುಡಿ ಅಗ್ಗ ಅಂದ್ರೆ ಸಿಪ್ಪೆ ತೆಗೆದು, ಒಣಗಿಸಿ, ಬೀಸಿದ ಖರ್ಚು ಎಲ್ಲಿಂದ ಬಂತು? ಈಗ ನಾನು ಇಡೀ ಬಾದಾಮಿ ತಂದು ಬಿಸಿನೀರಲ್ಲಿ ಒಂದು ನಿಮಿಷ ಹಾಕಿ ಸಿಪ್ಪೆ ಸುಲಿದು, ಪೂರ್ತಿ ಒಣಗಿಸಿ, ರೆಸಿಪಿಯ ಸಕ್ಕರೇಲಿ ಸ್ವಲ್ಪ ಸೇರಿಸಿ ಮಿಕ್ಸೀಲಿ ನಿಲ್ಲಿಸಿ ನಿಲ್ಲಿಸಿ ಓಡಿಸ್ತೀನಿ. ಒಂದೇ ಸಮ ಓಡಿಸಿದ್ರೆ ಎಣ್ಣೆ ಬಿಟ್ಟು ಮುದ್ದೆ ಆಗುತ್ತೆ. ಕಡ್ಲೆಬೀಜದ ಚಟ್ನಿಪುಡಿ ಮಾಡೋ ಜಾರಲ್ಲಿ ಅಲರ್ಜಿ ಇರೋರಿಗೆ ಅಂತ ಬೀಸಲೇಬೇಡಿ. ಪ್ಯಾಕೆಟ್ಟೇ ತರ್ತೀರಾದ್ರೆ ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡೋ 14 ಅಂಕಿಯ ಲೈಸೆನ್ಸ್ ನಂಬರ್ ಇದ್ಯಾ, ಅಲರ್ಜಿ ವಿವರದಲ್ಲಿ ಕಡ್ಲೆಕಾಯಿ ಹೆಸರಿದ್ಯಾ ನೋಡಿ.

ದೂರು ಕೊಟ್ಟಿದೀನಿ, ಎಫ್‌ಎಸ್‌ಎಸ್‌ಎಐನವರ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಲ್ಲಿ. ಬಿಲ್ಲು, ಉಳಿದ ಪುಡಿ ಎರಡನ್ನೂ ಎತ್ತಿಟ್ಟಿದೀನಿ. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗ್ರಾಹಕರೇ ಫೀಸ್ ಕಟ್ಟಿ ಸ್ಯಾಂಪಲ್ಲನ್ನ ಫುಡ್ ಅನಲಿಸ್ಟ್ ಹತ್ರ ಟೆಸ್ಟ್ ಮಾಡಿಸಬಹುದು, ಆದ್ರೆ ತಗೊಳ್ಳೋವಾಗ್ಲೇ ಅಂಗಡಿಯವನಿಗೆ ಟೆಸ್ಟಿಗೆ ಕಳಿಸ್ತೀನಿ ಅಂತ ಹೇಳಿರಬೇಕು. ಯಾರ ಹತ್ರನಾದ್ರೂ ಇಂಥ ಲೂಸ್ ಪುಡಿ ಡಬ್ಬೀಲಿ ಇದ್ರೆ ಇವತ್ತಿನ ಆರ್ಡರಿಗೆ ಹಾಕಬೇಡಿ.