ನಾಲ್ಕು ಸೆಂಟಿಮೀಟರ್ ಗೊಂಬೆಯ ಹಿಂದೆ ಎಂಥ ಹಸಿರು ಪರದೆ ಬೇಕು? ಬಟ್ಟೆ, ಕಾಗದ, ಹಲಗೆಗಳ ವಿಮರ್ಶೆ

ಲೆಗೊ ಗೊಂಬೆಯೊಂದರ ಎತ್ತರ ಸುಮಾರು 4 ಸೆಂಟಿಮೀಟರ್. ಇಂಥ ಗೊಂಬೆಗಳನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಒಂದೊಂದೇ ಫೋಟೊ ತೆಗೆದು ಜೋಡಿಸಿದರೆ ಸ್ಟಾಪ್-ಮೋಷನ್ ಚಿತ್ರವಾಗುತ್ತದೆ, ಹಿಂದೆ ಹಸಿರು ಪರದೆಯಿದ್ದರೆ ತಂತ್ರಾಂಶ ಆ ಹಸಿರನ್ನು ಕತ್ತರಿಸಿ ತೆಗೆದು ಅಲ್ಲಿ ಬೇಕಾದ ಹಿನ್ನೆಲೆಯನ್ನು ಕೂರಿಸುತ್ತದೆ. ಗೊಂಬೆಯ ಹಿಂದೆ ಹಿಡಿಯಲೆಂದು ನಾನು ಮೊದಲು ಕೊಂಡು ತಂದದ್ದು ಆಳೆತ್ತರದ ಮನುಷ್ಯರನ್ನು ಚಿತ್ರಿಸಲು ತಯಾರಿಸಿದ, ಎರಡು ಕಂಬಗಳ ನಡುವೆ ಇಳಿಬಿಡುವ ಹಸಿರು ಬಟ್ಟೆಯನ್ನು. ಆ ಆಯ್ಕೆ ತಪ್ಪೆಂದು ತಿಳಿಯಲು ಹತ್ತು ಸೆಕೆಂಡಿನ ಒಂದೇ ದೃಶ್ಯ ಸಾಕಾಯಿತು. ಆ ಬಳಿಕ ಸ್ಪ್ರಿಂಗ್ ಚೌಕಟ್ಟಿನ ಮಡಚುವ ಪರದೆ, ಚಾರ್ಟ್ ಪೇಪರ್, ಫೋಮ್ ಶೀಟ್, ಫೆಲ್ಟ್ ಬಟ್ಟೆ, ಬಣ್ಣ ಬಳಿದ ಹಲಗೆ ಮತ್ತು ಕಂಪ್ಯೂಟರ್ ಮಾನಿಟರ್ ಇವನ್ನೆಲ್ಲ ಒಂದಾದ ಮೇಲೊಂದರಂತೆ ಅದೇ ದೃಶ್ಯದ ಹಿಂದೆ ನಿಲ್ಲಿಸಿ ನೋಡಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಹೊಳಪಿಲ್ಲದ ಬಣ್ಣ ಬಳಿದ ಗಟ್ಟಿ ಹಲಗೆಗೆ ಮೊದಲ ಸ್ಥಾನ, ಹಲಗೆಗೆ ಅಂಟಿಸಿದ ಕಾಗದಕ್ಕೆ ಎರಡನೆಯದು, ಇಳಿಬಿಟ್ಟ ಬಟ್ಟೆಗೆ ಕೊನೆಯದು. ಪರದೆಯ ಮೇಲೆ ಖರ್ಚು ಮಾಡಿದ ಹಣಕ್ಕೂ ಈ ಕ್ರಮಕ್ಕೂ ಬಹುಮಟ್ಟಿಗೆ ತಲೆಕೆಳಗಾದ ಸಂಬಂಧವಿದೆ.

ಮಾಮೂಲಿ ವಿಡಿಯೊದ ಪರದೆಗೂ ಸ್ಟಾಪ್-ಮೋಷನ್ ಪರದೆಗೂ ಇರುವ ಮುಖ್ಯ ವ್ಯತ್ಯಾಸ ಸಮಯದ್ದು. ಇಟ್ಟಿಗೆ ಆಟಿಕೆಗಳ ಚಿತ್ರಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 12 ಅಥವಾ 15 ಫ್ರೇಮುಗಳಂತೆ ತೆಗೆಯುತ್ತಾರೆ. ಅಂದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ 120ರಿಂದ 150 ಫೋಟೊಗಳು ಬೇಕು. ಪ್ರತಿ ಫ್ರೇಮಿಗೆ ಗೊಂಬೆಯ ಕೈಕಾಲು ಸರಿಸಲು ಒಂದು ನಿಮಿಷ ಹಿಡಿದರೂ ಎರಡು ಗಂಟೆ ಕಳೆದಿರುತ್ತದೆ. ವಿಡಿಯೊದ ಪರದೆ ಆ ಹತ್ತು ಸೆಕೆಂಡು ನೆಟ್ಟಗಿದ್ದರೆ ಸಾಕು, ನಮ್ಮದು ಎರಡು ಗಂಟೆಯೂ ಒಂದೇ ತೆರನಾಗಿರಬೇಕು. ಇದಕ್ಕೆ ಪ್ರತಿಯಾಗಿ ಕೆಲವು ತೊಂದರೆಗಳಿಂದ ನಾವು ಪಾರಾಗಿದ್ದೇವೆ ಎಂಬುದನ್ನೂ ಒಪ್ಪಬೇಕು. ನಿಂತ ಗೊಂಬೆಯನ್ನು ತೆಗೆಯುವುದರಿಂದ ಚಲನೆಯ ಮಸುಕು ಇರುವುದಿಲ್ಲ, ಹಾರಾಡುವ ಕೂದಲೂ ಇರುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಚೂರಿಯಿಂದ ಕೊಯ್ದಷ್ಟು ಸ್ಪಷ್ಟವಾಗಿರುತ್ತದೆ. ಹೀಗಾಗಿ ಪರದೆಯನ್ನು ಕೊಳ್ಳುವವರು ಅಳೆಯಬೇಕಾದದ್ದು ಎರಡೇ ಗುಣಗಳನ್ನು: ಅದು ಎಷ್ಟು ಹೊತ್ತು ಬದಲಾಗದೆ ನಿಲ್ಲುತ್ತದೆ, ಮತ್ತು ತನ್ನ ಹಸಿರನ್ನು ಹೊಳೆಯುವ ಇಟ್ಟಿಗೆಗಳ ಮೇಲೆ ಎಷ್ಟು ಎರಚುತ್ತದೆ.

ಇಳಿಬಿಟ್ಟ ಬಟ್ಟೆ ಮೊದಲನೆಯದರಲ್ಲಿಯೇ ಸೋಲುತ್ತದೆ. ಹತ್ತಿಯ ಬಟ್ಟೆಯಲ್ಲಿ ಮಡಿಕೆಯ ಗೆರೆಗಳು ಇಸ್ತ್ರಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಪಾಲಿಯೆಸ್ಟರ್ ಅಷ್ಟು ಸುಕ್ಕುಗಟ್ಟದಿದ್ದರೂ ಹಗುರವಾದ್ದರಿಂದ ಸಣ್ಣ ಗಾಳಿಗೂ ಅಲುಗುತ್ತದೆ. ಸುಕ್ಕು ಇರುವುದಕ್ಕಿಂತ ಸುಕ್ಕು ಸರಿಯುವುದು ದೊಡ್ಡ ಸಮಸ್ಯೆ. ನಾನು ಕ್ಯಾಮೆರಾದ ಬಳಿಯಿಂದ ಮೇಜಿನ ಬಳಿಗೆ, ಮೇಜಿನ ಬಳಿಯಿಂದ ಕ್ಯಾಮೆರಾದ ಬಳಿಗೆ ನೂರಿಪ್ಪತ್ತು ಸಲ ಓಡಾಡುವಾಗ ಬಟ್ಟೆ ಪ್ರತಿ ಸಲವೂ ಕೂದಲೆಳೆಯಷ್ಟು ಸರಿದು ಹೊಸ ಜಾಗದಲ್ಲಿ ನಿಂತಿತು. ಒಂದೊಂದು ಫೋಟೊವನ್ನು ಬಿಡಿಯಾಗಿ ನೋಡಿದಾಗ ಯಾವ ದೋಷವೂ ಕಾಣಲಿಲ್ಲ. ಎಲ್ಲವನ್ನೂ ಜೋಡಿಸಿ ಓಡಿಸಿದಾಗ ಮಾತ್ರ ಗೊಂಬೆಯ ಸುತ್ತಲಿನ ಅಂಚು ಕುದಿಯುವ ಎಸರಿನಂತೆ ಮಿಡುಕಾಡಿತು, ಏಕೆಂದರೆ ಮೊದಲ ಫ್ರೇಮಿನ ಹಸಿರಿಗೆ ಹೊಂದಿಸಿದ ಕೀ (ಹಸಿರನ್ನು ಗುರುತಿಸಿ ಕತ್ತರಿಸುವ ತಂತ್ರಾಂಶದ ಹೊಂದಿಕೆ) ಎಂಬತ್ತನೆಯ ಫ್ರೇಮಿನ ನೆರಳಿಗೆ ಹೊಂದಲಿಲ್ಲ. ಕ್ಲಿಪ್ಪುಗಳಿಂದ ನಾಲ್ಕೂ ಕಡೆ ಬಿಗಿದು ಕಟ್ಟಿದರೆ ಸ್ಥಿತಿ ಸುಧಾರಿಸುತ್ತದೆ. ಆದರೆ ಬಟ್ಟೆಯನ್ನು ಹಲಗೆಯಂತೆ ಮಾಡಲು ಅಷ್ಟು ಹೆಣಗುವುದಾದರೆ ಹಲಗೆಯನ್ನೇ ಏಕೆ ಬಳಸಬಾರದು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಸ್ಪ್ರಿಂಗ್ ಚೌಕಟ್ಟಿನ ಮಡಚುವ ಪರದೆಯಲ್ಲಿ ಬಟ್ಟೆ ಬಿಗಿಯಾಗಿರುವುದರಿಂದ ಅದು ಸಾಕಷ್ಟು ಮೇಲು. ಅದರ ಮೇಲ್ಮೈ ಪೂರ್ತಿ ಸಪಾಟಾಗಿರದೆ ಒಂದು ಕಡೆಗೆ ತುಸು ತಿರುಚಿಕೊಂಡಿರುತ್ತದೆ, ಆದರೆ ದೂರದಲ್ಲಿಟ್ಟು ಬೆಳಕನ್ನು ಸಮನಾಗಿ ಹಾಕಿದರೆ ಆ ಕೊರತೆ ನಡೆದುಹೋಗುತ್ತದೆ. ಚಿತ್ರೀಕರಣ ಮುಗಿದ ಮೇಲೆ ಅದನ್ನು ಮತ್ತೆ ಸುತ್ತಿ ಚೀಲಕ್ಕೆ ಸೇರಿಸುವುದು ಬೇರೆಯೇ ಒಂದು ವಿದ್ಯೆ, ನನಗೆ ಅದು ಇನ್ನೂ ಪೂರ್ತಿ ಒಲಿದಿಲ್ಲ.

ಕಾಗದದ ಗುಣ ಅದರ ಸಮತೆ. ಹೊಳಪಿಲ್ಲದ ಹಸಿರು ಚಾರ್ಟ್ ಪೇಪರ್ ಬೆಳಕನ್ನು ಎಲ್ಲ ಕಡೆಗೂ ಒಂದೇ ರೀತಿ ಚದುರಿಸುತ್ತದೆ, ಹಾಗಾಗಿ ಮೂಲೆಗೂ ನಡುವಿಗೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಗಾಳಿಯ ತೇವ ಏರಿಳಿದಂತೆ ಅಂಚು ಸುರುಳಿಗಟ್ಟುವುದೊಂದೇ ಅದರ ದೌರ್ಬಲ್ಯ. ರಟ್ಟಿಗೋ ಫೋಮ್ ಬೋರ್ಡಿಗೋ ಪೂರ್ತಿ ಅಂಟಿಸಿದರೆ ಅದೂ ನಿಲ್ಲುತ್ತದೆ. ನುಣುಪು ಹೊಳಪಿನ ಕಾಗದವನ್ನೂ ಹೊಳೆಯುವ ವಿನೈಲ್ ಹಾಳೆಯನ್ನೂ ದೂರವಿಡಬೇಕು, ಏಕೆಂದರೆ ದೀಪದ ಪ್ರತಿಬಿಂಬ ಬಿದ್ದ ಜಾಗ ಹಸಿರಾಗಿ ಉಳಿಯದೆ ಬೆಳ್ಳಗಾಗುತ್ತದೆ. ಫೋಮ್ ಶೀಟ್ ಒಂದೆರಡು ಗೊಂಬೆಗಳ ಸಮೀಪದ ದೃಶ್ಯಕ್ಕೆ ಸೊಗಸಾಗಿ ಒದಗುತ್ತದೆ. ಫೆಲ್ಟ್ ಬಟ್ಟೆಗೆ ಹೊಳಪೇ ಇಲ್ಲ, ಆದರೆ ಅದು ಉದುರಿಸುವ ನವಿರಾದ ಎಳೆಗಳು ನಾಲ್ಕು ಸೆಂಟಿಮೀಟರಿನ ಗೊಂಬೆಯ ಪಕ್ಕದಲ್ಲಿ ಹಗ್ಗದಂತೆ ಕಾಣುತ್ತವೆ.

ಇನ್ನು ಗೆದ್ದ ಹಲಗೆಯ ವಿಚಾರ. ಮರದ ನಾರನ್ನು ಒತ್ತಿ ಮಾಡಿದ ತೆಳುವಾದ ಎಂಡಿಎಫ್ ಹಲಗೆಗೆ ಹೊಳಪಿಲ್ಲದ ಹಸಿರು ಬಣ್ಣವನ್ನು ಸ್ಪಂಜಿನ ರೋಲರಿನಿಂದ ಎರಡು ಕೋಟಿನಷ್ಟು ಬಳಿದೆ. ಬ್ರಷ್ ಬಳಸಿದರೆ ಕೂದಲಿನ ಗೆರೆಗಳು ಉಳಿದು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಕ್ರೋಮಾ ಕೀ ಎಂದೇ ಹೆಸರಿಟ್ಟು ಮಾರುವ ಬಣ್ಣಗಳಿವೆ, ಆದರೆ ತಂತ್ರಾಂಶ ಡಬ್ಬಿಯ ಮೇಲಿನ ಹೆಸರನ್ನು ಓದುವುದಿಲ್ಲ. ಗಾಢವಾದ, ಹಳದಿಗೂ ನೀಲಿಗೂ ವಾಲದ, ಹೊಳೆಯದ ಹಸಿರಾಗಿದ್ದರೆ ಅದಕ್ಕೆ ಸಾಕು. ಕೈ ತಗುಲಿ ಹಲಗೆ ಒಂದಿಷ್ಟು ಸರಿದರೂ ಚಿತ್ರದಲ್ಲಿ ಏನೂ ಕಾಣದಿರುವುದು ಇದರ ನಿಜವಾದ ಹೆಚ್ಚುಗಾರಿಕೆ. ಬಟ್ಟೆ ಸರಿದಾಗ ಅದರ ನೆರಳುಗಳ ವಿನ್ಯಾಸವೂ ಸರಿಯುತ್ತದೆ, ಆದರೆ ಎಲ್ಲೆಡೆಯೂ ಒಂದೇ ಆಗಿರುವ ಹಲಗೆಯಲ್ಲಿ ಸರಿಯಲು ಯಾವ ವಿನ್ಯಾಸವೂ ಇರುವುದಿಲ್ಲ.

ಅಳತೆಯನ್ನು ಅಂದಾಜಿಗೆ ಬಿಡದೆ ಲೆಕ್ಕ ಹಾಕುವುದು ಸುಲಭ. ಕ್ಯಾಮೆರಾದಿಂದ 40 ಸೆಂಟಿಮೀಟರ್ ದೂರದಲ್ಲಿರುವ ಗೊಂಬೆಯ ಜಾಗದಲ್ಲಿ ಚಿತ್ರದ ಅಗಲ 30 ಸೆಂಟಿಮೀಟರ್ ಎಂದುಕೊಳ್ಳೋಣ. ಪರದೆಯನ್ನು ಇನ್ನೂ 40 ಸೆಂಟಿಮೀಟರ್ ಹಿಂದೆ ಇಟ್ಟರೆ ದೂರ ಇಮ್ಮಡಿಯಾಗುವುದರಿಂದ ಅಗಲವೂ ಇಮ್ಮಡಿಯಾಗಿ 60 ಸೆಂಟಿಮೀಟರ್ ಬೇಕಾಗುತ್ತದೆ. 16:9 ಚೌಕಟ್ಟಿನಲ್ಲಿ ಎತ್ತರ ಸುಮಾರು 34 ಸೆಂಟಿಮೀಟರ್. 84.1 ಸೆಂಟಿಮೀಟರ್ ಉದ್ದ, 59.4 ಸೆಂಟಿಮೀಟರ್ ಅಗಲದ ಎ1 ಗಾತ್ರದ ಹಲಗೆಯೊಂದು ಇದನ್ನು ಧಾರಾಳವಾಗಿ ತುಂಬುತ್ತದೆ. ಕೋಣೆಯ ಗೋಡೆಯನ್ನು ಮುಚ್ಚುವ ಪರದೆ ಇಲ್ಲಿ ಬರೀ ಹೊರೆ, ಅದರ ಚೌಕಟ್ಟಿನಾಚೆಗಿನ ಭಾಗವೆಲ್ಲ ಹಸಿರು ಬೆಳಕನ್ನು ಗೊಂಬೆಯ ಮೇಲೆ ಎರಚುವ ಕೆಲಸವನ್ನಷ್ಟೇ ಮಾಡುತ್ತದೆ.

ಆ ಎರಚಾಟವೇ ಇಟ್ಟಿಗೆಗಳ ಮಟ್ಟಿಗೆ ಬಹಳ ಕಾಡುವ ತೊಂದರೆ. ಲೆಗೊ ಇಟ್ಟಿಗೆ ಎಬಿಎಸ್ ಎಂಬ ನುಣುಪಾದ ಪ್ಲಾಸ್ಟಿಕ್ಕಿನದು. ಅದರ ಪಕ್ಕದ ಮುಖ ಕನ್ನಡಿಯಂತೆ, ತಲೆಯ ಮೇಲಿನ ಒಂದೊಂದು ಸ್ಟಡ್ಡೂ (ಇಟ್ಟಿಗೆಗಳನ್ನು ಜೋಡಿಸುವ ದುಂಡನೆಯ ಗುಬುಟು) ಪುಟ್ಟ ಉಬ್ಬುಕನ್ನಡಿಯಂತೆ ವರ್ತಿಸುತ್ತದೆ. ಪರದೆ ಗೊಂಬೆಯ ಬೆನ್ನಿಗೇ ಇದ್ದರೆ ಭುಜದ, ತಲೆಯ, ಗೋಡೆಯ ಅಂಚುಗಳಲ್ಲೆಲ್ಲ ತೆಳುವಾದ ಹಸಿರು ಗೆರೆ ಮೂಡುತ್ತದೆ, ಮತ್ತು ತಂತ್ರಾಂಶ ಆ ಗೆರೆಯನ್ನೂ ಪರದೆಯೆಂದೇ ಭಾವಿಸಿ ಕತ್ತರಿಸಿ ಹಾಕುತ್ತದೆ. ಇದಕ್ಕೆ ಮದ್ದು ದೂರವೇ ಹೊರತು ದುಬಾರಿ ಪರದೆಯಲ್ಲ. 40 ಸೆಂಟಿಮೀಟರ್ ಹಿಂದೆ ಸರಿಸಿದ ಅಗ್ಗದ ಹಲಗೆ, ಬೆನ್ನಿಗಂಟಿದ ಉತ್ತಮ ಪರದೆಗಿಂತ ಸ್ವಚ್ಛವಾದ ಅಂಚನ್ನು ಕೊಟ್ಟಿತು. ದೂರವಿದ್ದಷ್ಟೂ ಪರದೆ ಫೋಕಸ್ಸಿನಿಂದ ಹೊರಗುಳಿದು ಅದರ ಮೇಲಿನ ಧೂಳು, ಗೀರುಗಳೂ ಕರಗಿಹೋಗುತ್ತವೆ. ಪರದೆಗೂ ಗೊಂಬೆಗೂ ಬೇರೆಬೇರೆ ದೀಪಗಳಿರಬೇಕು, ಮತ್ತು ಪರದೆಯ ಬೆಳಕು ಗೊಂಬೆಯ ಬೆಳಕಿಗಿಂತ ಹೆಚ್ಚಾಗಬಾರದು.

ಹಸಿರನ್ನು ಬಾಗಿಸಿ ಗೊಂಬೆಯ ಕಾಲಡಿಗೂ ಹಾಸುವ ಪದ್ಧತಿಯನ್ನು ಇಲ್ಲಿ ನಾನು ಒಪ್ಪುವುದಿಲ್ಲ. ಕೆಳಗಿನಿಂದ ಚಿಮ್ಮುವ ಹಸಿರು ಕಾಲುಗಳನ್ನು ಕೆಡಿಸುತ್ತದೆ, ನೆಲದ ಮೇಲಿನ ನೆರಳು ಕಳೆದುಹೋಗಿ ಗೊಂಬೆ ತೇಲಿದಂತೆ ಕಾಣುತ್ತದೆ. ನೆಲವನ್ನು ಬೂದು ಬಣ್ಣದ ಪ್ಲೇಟುಗಳಿಂದ ನಿಜವಾಗಿಯೇ ಕಟ್ಟಿ, ಹಿನ್ನೆಲೆಗಷ್ಟೇ ಹಸಿರನ್ನು ಬಿಟ್ಟರೆ ಸ್ಟಡ್ಡುಗಳು ಗೊಂಬೆಯ ಪಾದವನ್ನು ಹಿಡಿದುಕೊಳ್ಳುತ್ತವೆ, ನೆರಳೂ ಉಳಿಯುತ್ತದೆ. ಹಸಿರು ಬೇಸ್‌ಪ್ಲೇಟನ್ನೇ ನಿಲ್ಲಿಸಿ ಪರದೆಯಾಗಿಸುವ ಆಸೆ ಹೊಸಬರಿಗೆಲ್ಲ ಒಮ್ಮೆ ಹುಟ್ಟುತ್ತದೆ. ಪ್ರತಿ ಬದಿಗೆ 32 ಸ್ಟಡ್ಡುಗಳಿರುವ ಚೌಕಾಕಾರದ ಪ್ಲೇಟಿನಲ್ಲಿ 1024 ಸ್ಟಡ್ಡುಗಳಿದ್ದು, ಒಂದೊಂದರ ಒಂದು ಮಗ್ಗುಲಲ್ಲಿ ಮಿಂಚೂ ಇನ್ನೊಂದು ಮಗ್ಗುಲಲ್ಲಿ ನೆರಳೂ ಇರುತ್ತದೆ ಎಂದರೆ ಫಲಿತಾಂಶವನ್ನು ಬೇರೆ ಹೇಳಬೇಕಾಗಿಲ್ಲ.

ಬಣ್ಣದ ಆಯ್ಕೆಯಲ್ಲಿ ಎಲ್ಲರೂ ಹಸಿರನ್ನೇ ಹಿಡಿಯುವುದಕ್ಕೆ ಕಾರಣವಿದೆ. ಸಾಮಾನ್ಯ ಕ್ಯಾಮೆರಾಗಳ ಸಂವೇದಕದಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ ಮೀಸಲು, ಆದ್ದರಿಂದ ಹಸಿರಿನ ವಿವರ ಹೆಚ್ಚು ಸ್ಪಷ್ಟವಾಗಿ ದಾಖಲಾಗುತ್ತದೆ. ಆದರೆ ನಮ್ಮ ಗೊಂಬೆಗಳ ಮುಖ ಹಳದಿ. ಬೆಳಕಿನ ಲೆಕ್ಕದಲ್ಲಿ ಹಳದಿಯೆಂದರೆ ಕೆಂಪು ಮತ್ತು ಹಸಿರಿನ ಬೆರಕೆ. ಅಂಚಿನ ಹಸಿರು ಛಾಯೆಯನ್ನು ತೆಗೆಯುವಾಗ ಕೆಲವು ತಂತ್ರಾಂಶಗಳು ಹಸಿರನ್ನು ಕೆಂಪು ಮತ್ತು ನೀಲಿಯ ಸರಾಸರಿಗಿಂತ ಮೇಲೇರದಂತೆ ತಡೆಯುತ್ತವೆ. 0ರಿಂದ 255ರ ಅಳತೆಯಲ್ಲಿ ಕೆಂಪು 240, ಹಸಿರು 205, ನೀಲಿ 55 ಇರುವ ಹಳದಿಗೆ ಈ ನಿಯಮ ಹಚ್ಚಿದರೆ ಹಸಿರು 148ಕ್ಕೆ ಇಳಿದು, ನಗುತ್ತಿದ್ದ ಹಳದಿ ಮುಖ ಕಿತ್ತಳೆಯಾಗಿಬಿಡುತ್ತದೆ. ನನ್ನ ಮೊದಲ ದೃಶ್ಯದ ಗೊಂಬೆಗಳೆಲ್ಲ ಬಿಸಿಲಿಗೆ ಬೆಂದವರಂತೆ ಕಂಡದ್ದು ಹೀಗೆಯೇ, ಅದಕ್ಕೆ ನಾನು ಒಂದು ವಾರ ದೀಪಗಳನ್ನು ಶಂಕಿಸಿದ್ದೆ. ಸರಾಸರಿಯ ಬದಲು ಕೆಂಪು ಮತ್ತು ನೀಲಿಯಲ್ಲಿ ದೊಡ್ಡದನ್ನು ಮಿತಿಯಾಗಿಸುವ ಆಯ್ಕೆ ಇದ್ದರೆ ಹಳದಿ ಹಾಗೆಯೇ ಉಳಿಯುತ್ತದೆ, ಆದರೆ ಆಗ ಹಳದಿಯ ಮೇಲೆ ನಿಜವಾಗಿ ಬಿದ್ದ ಹಸಿರೂ ಒಂದಿಷ್ಟು ಉಳಿದುಕೊಳ್ಳುತ್ತದೆ.

ಹಳದಿ ಮುಖಗಳೇ ತುಂಬಿದ ದೃಶ್ಯಕ್ಕೆ ನೀಲಿ ಪರದೆ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಹಳದಿಯಲ್ಲಿ ನೀಲಿಯ ಅಂಶ ಬಹಳ ಕಡಿಮೆ. ಎರಡೂ ಸುಲಭವಾಗಿ ಬೇರ್ಪಡುತ್ತವೆ. ಮರ, ಹುಲ್ಲು, ಹಸಿರು ಅಂಗಿ ಇರುವಲ್ಲಿಯೂ ನೀಲಿಯೇ ಗತಿ. ನೀಲಿ ಸಮವಸ್ತ್ರದ ಪೊಲೀಸರೋ ನೀಲಿ ಬೂದು ಬಣ್ಣದ ವ್ಯೋಮನೌಕೆಯೋ ಬಂದಾಗ ಹಸಿರಿಗೆ ಮರಳಬೇಕು. ಪಾರದರ್ಶಕ ತುಣುಕುಗಳನ್ನು ಮಾತ್ರ ಯಾವ ಬಣ್ಣವೂ ಕಾಪಾಡುವುದಿಲ್ಲ: ವಾಹನದ ಮುಂಗಾಜಿನ ಮೂಲಕ ಪರದೆಯೇ ಕಾಣುವುದರಿಂದ ಗಾಜು ಪೂರ್ತಿ ಮಾಯವಾಗುತ್ತದೆ ಇಲ್ಲವೇ ಹಸಿರಾಗಿಯೇ ಉಳಿಯುತ್ತದೆ.

ಪರದೆ ಎಷ್ಟೇ ಚೆನ್ನಾಗಿದ್ದರೂ ಕ್ಯಾಮೆರಾ ಸ್ವಯಂಚಾಲಿತವಾಗಿದ್ದರೆ ಶ್ರಮ ವ್ಯರ್ಥ. ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಮೂರನ್ನೂ ಕೈಯಾರೆ ಹೊಂದಿಸಿ ಬೀಗ ಹಾಕದಿದ್ದರೆ ಪ್ರತಿ ಫ್ರೇಮಿನಲ್ಲಿ ಹಸಿರು ಬೇರೆಯಾಗುತ್ತದೆ, ಆ ದೋಷವನ್ನು ಪರದೆಯ ತಲೆಗೆ ಕಟ್ಟುವುದು ಅನ್ಯಾಯ. ಸಾಧ್ಯವಿದ್ದರೆ ಸಂವೇದಕದ ಮಾಹಿತಿಯನ್ನು ಹಾಗೆಯೇ ಉಳಿಸುವ ರಾ ಕಡತದಲ್ಲಿ ತೆಗೆಯಬೇಕು. ಜೆಪಿಇಜಿ ಚಿತ್ರಗಳಲ್ಲಿ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಒರಟಾಗಿ ಉಳಿಸುವುದರಿಂದ ಬಣ್ಣವನ್ನೇ ನಂಬಿದ ಕೀಯ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಮಾನಿಟರಿನ ಪ್ರಯೋಗ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. 24 ಇಂಚಿನ ಮಾನಿಟರಿನ ಅಗಲ ಸುಮಾರು 53 ಸೆಂಟಿಮೀಟರ್, ಅದು ಸಮೀಪದ ದೃಶ್ಯಗಳಿಗೆ ಸಾಕು. ಅದು ತಾನೇ ಬೆಳಗುವುದರಿಂದ ಬೇರೆ ದೀಪ ಬೇಡ, ಎರಚುವ ಹಸಿರನ್ನು ಪ್ರಖರತೆಯ ಗುಂಡಿಯಿಂದಲೇ ತಗ್ಗಿಸಬಹುದು. ಕೋಣೆಯ ದೀಪಗಳು ಅದರಲ್ಲಿ ಪ್ರತಿಫಲಿಸದಂತೆ ನೋಡಿಕೊಳ್ಳಬೇಕು, ತನ್ನಷ್ಟಕ್ಕೆ ಮಬ್ಬಾಗುವ ಮತ್ತು ಸಂಜೆಗೆ ಬಣ್ಣ ಬದಲಿಸುವ ವ್ಯವಸ್ಥೆಗಳನ್ನು ನಿಲ್ಲಿಸಿಬಿಡಬೇಕು. ಎರಡನೆಯದನ್ನು ಮರೆತು ನಾನೊಮ್ಮೆ ಅರ್ಧ ದೃಶ್ಯ ಕಳೆದುಕೊಂಡೆ. ಮಾನಿಟರ್ ಇದ್ದ ಮೇಲೆ ಹಸಿರನ್ನು ತೋರಿಸುವ ಬದಲು ಬೇಕಾದ ಹಿನ್ನೆಲೆಯ ಚಿತ್ರವನ್ನೇ ತೋರಿಸಿದರೆ ಕೀಯ ಗೊಡವೆಯೇ ಇರುವುದಿಲ್ಲ, ಆ ಬೆಳಕು ಇಟ್ಟಿಗೆಗಳ ಮೇಲೆ ಬಿದ್ದರೂ ದೃಶ್ಯಕ್ಕೆ ಒಪ್ಪುತ್ತದೆ. ಆಮೇಲೆ ಹಿನ್ನೆಲೆಯನ್ನು ಬದಲಿಸಲಾಗದು ಎಂಬುದಷ್ಟೇ ಅದರ ಬೆಲೆ.

ಬಣ್ಣದ ಪರದೆಯನ್ನೇ ಬಿಡುವ ಇನ್ನೊಂದು ದಾರಿ ಸ್ಟಾಪ್-ಮೋಷನ್‌ಗೆ ಚೆನ್ನಾಗಿ ಹೊಂದುತ್ತದೆ. ಪ್ರತಿ ಫ್ರೇಮಿಗೆ ಎರಡು ಫೋಟೊ ತೆಗೆಯುವುದು: ಒಂದು ಗೊಂಬೆಯ ದೀಪ ಹಚ್ಚಿ, ಇನ್ನೊಂದು ಅದನ್ನು ಆರಿಸಿ ಹಿಂದಿನ ಬಿಳಿ ಹಲಗೆಯನ್ನಷ್ಟೇ ಬೆಳಗಿ. ಎರಡನೆಯದರಲ್ಲಿ ಗೊಂಬೆ ಕಪ್ಪು ಆಕೃತಿಯಾಗಿ ಕಾಣುತ್ತದೆ, ಅದೇ ಕತ್ತರಿಸುವ ಅಚ್ಚು. ಹಳದಿ, ಹಸಿರು, ನೀಲಿ ಯಾವ ಇಟ್ಟಿಗೆಗೂ ಹಾನಿಯಿಲ್ಲ. ಡ್ರಾಗನ್‌ಫ್ರೇಮ್ ತಂತ್ರಾಂಶ ಹೀಗೆ ಫ್ರೇಮಿಗೆ ಹಲವು ಫೋಟೊ ತೆಗೆದು ದೀಪಗಳನ್ನೂ ತಾನೇ ನಿಯಂತ್ರಿಸಬಲ್ಲದು. ಕೈಯಿಂದ ಸ್ವಿಚ್ ಹಾಕಿ ಆರಿಸಿ 240 ಫೋಟೊ ತೆಗೆಯುವ ತಾಳ್ಮೆ ನನಗೆ ಒಂದೇ ದೃಶ್ಯಕ್ಕೆ ಮುಗಿಯಿತು, ಜೊತೆಗೆ ನುಣುಪಾದ ಅಂಚುಗಳ ಮೇಲೆ ಬಿಳಿ ಬೆಳಕು ಜಾರಿ ಅಚ್ಚಿನ ಅಂಚನ್ನು ಅಲ್ಲಲ್ಲಿ ತಿಂದುಹಾಕಿತು.

ಈಗ ನನ್ನ ಮೇಜಿನ ಹಿಂದೆ ನಿಂತಿರುವುದು ಒಂದು ಮುಖಕ್ಕೆ ಹಸಿರು, ಇನ್ನೊಂದು ಮುಖಕ್ಕೆ ನೀಲಿ ಬಳಿದ ಆ ಎ1 ಹಲಗೆ. ಮೊದಲು ಕೊಂಡ ದೊಡ್ಡ ಬಟ್ಟೆಯೂ ಪೂರ್ತಿ ದಂಡವಾಗಿಲ್ಲ: ರಾತ್ರಿ ಚಿತ್ರೀಕರಣ ನಿಲ್ಲಿಸಿದಾಗ ಇಟ್ಟಿಗೆಗಳ ಮೇಲೆ ಧೂಳು ಕೂರದಂತೆ ಅದನ್ನು ಹೊದಿಸುತ್ತೇನೆ.